ಹೊಸ ಕಾರೂ ಊರಿನ ಮೇಸ್ತ್ರಿಯೂ



ನಾನು ಕನ್ನಡ ಪಂಡಿತ. ಹಳಗನ್ನಡದ ಒಂದು ಕಂದವನ್ನು ಮುಂದಿಟ್ಟರೆ ಅನ್ವಯಿಸಿ ಅರ್ಥ ಹೇಳಬಲ್ಲೆನೇ ಹೊರತು, ಕಾರಿನ ಮುಚ್ಚಳವನ್ನೆತ್ತಿ ಒಳಗೆ ನೋಡಿದರೆ ನನಗೆ ತಿಳಿಯುವುದು ನೀರು ಹಾಕುವ ಬಾಯಿ ಎಲ್ಲಿದೆ ಎಂಬುದಷ್ಟೆ. ಇಂಥವನು ಮೋಟಾರು ಗಾಡಿಯ ವಾರಂಟಿಯನ್ನು ಕುರಿತು ಮಾತನಾಡಲು ಬಂದಿದ್ದಾನಲ್ಲ ಎಂದು ತಮಗೆ ಆಶ್ಚರ್ಯವಾದೀತು. ಆದರೆ ವಾರಂಟಿ ಎಂಬುದು ಇಂಜಿನಿನೊಳಗೆ ಇರುವ ವಸ್ತುವಲ್ಲ. ಕಾಗದದ ಮೇಲೆ ಇರುವ ವಾಕ್ಯ. ವಾಕ್ಯವೆಂದ ಮೇಲೆ ಅದಕ್ಕೆ ಕರ್ತೃಪದ, ಕ್ರಿಯಾಪದ, ವಿಶೇಷಣಗಳುಂಟು, ವಿಧಿಯುಂಟು, ನಿಷೇಧವುಂಟು. ಅದನ್ನು ಬಿಡಿಸಿ ಓದುವ ಕೆಲಸವನ್ನು ಮೂವತ್ತು ವರ್ಷದಿಂದ ಮಾಡಿಕೊಂಡು ಬಂದವನಾದುದರಿಂದ ಈ ಸಾಹಸಕ್ಕೆ ಇಳಿದಿದ್ದೇನೆ.

ನನ್ನ ಮನೆ ಇರುವುದು ಶಿಕಾರಿಪುರದಲ್ಲಿ. ಪಾಠ ಹೇಳುವ ಶಾಲೆ ಇರುವುದು ಸೊರಬದ ಕಡೆ. ಶಿರಾಳಕೊಪ್ಪವನ್ನು ಹಾದು ದಿನವೂ ಹೋಗಿಬರುವ ದಾರಿ. ಬಹುಕಾಲ ಬಸ್ಸಿನಲ್ಲೇ ಓಡಾಡಿದೆ. ಮಂಡಿಯ ನೋವು ಹೆಚ್ಚಾದ ಮೇಲೆ ಮನೆಯವರ ಒತ್ತಾಯಕ್ಕೆ ಮಣಿದು 2021ರಲ್ಲಿ ಒಂದು ಚಿಕ್ಕ ಕಾರು ಕೊಂಡೆ. ಮಾರಿದ ಮಳಿಗೆಯವರು ಹಾರ ಹಾಕಿ, ಸಿಹಿ ಕೊಟ್ಟು, ಬೀಗದ ಕೈಯ ಜೊತೆಗೆ ಒಂದು ದಪ್ಪ ಪುಸ್ತಕವನ್ನೂ ಕೈಗಿತ್ತರು. ಬೀಗದ ಕೈಯನ್ನು ನಾನು ಇಟ್ಟುಕೊಂಡೆ. ಪುಸ್ತಕವನ್ನು ಕಾರಿನ ಖಾನೆಯಲ್ಲಿ ಇಟ್ಟು ಮರೆತೆ. ತಾವೂ ಹಾಗೆಯೇ ಮಾಡಿರಬಹುದು.

ನಮ್ಮಂಥ ಊರುಗಳ ಕಷ್ಟವನ್ನು ಪೇಟೆಯವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ನನ್ನ ಗಾಡಿಯ ಕಂಪೆನಿ ಒಪ್ಪಿದ ಸರ್ವೀಸು ಮಳಿಗೆ ಇರುವುದು ಶಿವಮೊಗ್ಗದಲ್ಲಿ. ಶಿಕಾರಿಪುರದಿಂದ ಸುಮಾರು 50 ಕಿಲೋಮೀಟರು. ಸೊರಬ, ಆನವಟ್ಟಿ, ಚಂದ್ರಗುತ್ತಿಯ ಕಡೆಯವರಿಗೆ ಇನ್ನೂ ದೂರ. ಬೆಳಿಗ್ಗೆ ಗಾಡಿ ಬಿಟ್ಟರೆ ಸಂಜೆ ಕೊಡುತ್ತಾರೆ. ಅಲ್ಲಿಯವರೆಗೆ ಕಾಯುವ ಕೋಣೆಯಲ್ಲಿ ಗೋಡೆ ನೋಡುತ್ತ ಕೂಡಬೇಕು. ಎಂದರೆ ಒಂದು ದಿನದ ರಜೆ, ನೂರು ಕಿಲೋಮೀಟರಿನ ಪೆಟ್ರೋಲು, ಮಧ್ಯಾಹ್ನದ ಊಟ, ಇವೆಲ್ಲ 'ಉಚಿತ ಸರ್ವೀಸಿ'ನ ಬೆಲೆ. ಆ 'ಉಚಿತ' ಎಂಬ ಪದವನ್ನೂ ನೋಡಿ. ಉಚಿತವೆಂದರೆ ಸಂಸ್ಕೃತದಲ್ಲಿ ಯೋಗ್ಯವಾದದ್ದು, ತಕ್ಕದ್ದು ಎಂದರ್ಥ. ಪುಕ್ಕಟೆ ಎಂಬ ಅರ್ಥ ಕನ್ನಡದಲ್ಲಿ ಆಮೇಲೆ ಬೆಳೆದದ್ದು. ಕಾರಿನ ಉಚಿತ ಸರ್ವೀಸಿನಲ್ಲಿ ಪುಕ್ಕಟೆಯಾಗಿರುವುದು ಸಾಮಾನ್ಯವಾಗಿ ಕೂಲಿ ಮಾತ್ರ. ಎಣ್ಣೆಗೆ, ಸೋಸುವ ಫಿಲ್ಟರಿಗೆ ದುಡ್ಡು ಬೇರೆ.

ಮೊದಲ ಎರಡು ಸರ್ವೀಸುಗಳನ್ನು ಶಾಸ್ತ್ರೋಕ್ತವಾಗಿ ಮಾಡಿಸಿದೆ. ಮೂರನೆಯದು 2022ರ ಜುಲೈ ತಿಂಗಳಿಗೆ ಬಂತು. ಆ ತಿಂಗಳು ಮಳೆ ನಮ್ಮ ಕಡೆ ಬಿಡುವು ಕೊಡಲಿಲ್ಲ. ಶಾಲೆಯ ಮಾಡಿನ ಹಂಚು ಹಾರಿತ್ತು. ಮನೆಯಲ್ಲಿ ಅತ್ತೆಯವರಿಗೆ ಜ್ವರ. ವಾರ ವಾರವೂ ಮುಂದೂಡಿ, ಕಡೆಗೆ ನಮ್ಮ ಬೀದಿಯ ಕೊನೆಯಲ್ಲಿ ಗ್ಯಾರೇಜು ಇಟ್ಟಿರುವ ಮೇಸ್ತ್ರಿಯ ಹತ್ತಿರ ಗಾಡಿ ಒಯ್ದೆ. ಪುಸ್ತಕದಲ್ಲಿ ಬರೆದ ದರ್ಜೆಯ ಎಣ್ಣೆಯನ್ನೇ ಅವನು ತರಿಸಿದ. ಕಂಪೆನಿಯ ಮೊಹರಿನ ಫಿಲ್ಟರನ್ನೇ ಹಾಕಿದ. ಗಾಳಿ ಫಿಲ್ಟರಿನಲ್ಲಿ ಕೂತಿದ್ದ ಕೆಂಪು ಧೂಳನ್ನು ಕೊಡವಿ ತೋರಿಸಿದ. ರಸೀತಿ ಕೇಳಿದೆ. "ಏನ್ ಮೇಷ್ಟ್ರೇ, ನನ್ನ ಮೇಲೆ ನಂಬಿಕೆ ಇಲ್ವಾ?" ಎಂದು ನಕ್ಕ. ನಂಬಿಕೆ ಇದೆ, ಆದರೂ ಬರೆದು ಕೊಡು ಎಂದೆ. ದಿನಾಂಕ, ಗಾಡಿಯ ನಂಬರು, ಓಡಿದ ಕಿಲೋಮೀಟರು, ಎಣ್ಣೆಯ ದರ್ಜೆ, ಫಿಲ್ಟರಿನ ನಂಬರು, ಎಲ್ಲ ಬರೆಸಿಕೊಂಡೆ. ಇದು ಮುಂದಾಲೋಚನೆಯೇನೂ ಅಲ್ಲ. ಮೇಷ್ಟರುಗಳಿಗೆ ಎಲ್ಲವನ್ನೂ ಬರೆಸುವ ಚಾಳಿ, ಅಷ್ಟೆ. ಆ ಚಾಳಿಯೇ ಆಮೇಲೆ ನನ್ನನ್ನು ಕಾಪಾಡಿತು.

ಆರು ತಿಂಗಳಾದ ಮೇಲೆ ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಕಟಕಟ ಎಂದು ಸದ್ದು ಬರತೊಡಗಿತು. ಶಿವಮೊಗ್ಗಕ್ಕೆ ಒಯ್ದೆ. ಅಲ್ಲಿಯ ಮೇಜಿನ ಹಿಂದಿದ್ದ ಹುಡುಗ ಕಂಪ್ಯೂಟರಿನಲ್ಲಿ ನೋಡಿ, "ಸಾರ್, ನಿಮ್ಮ ಮೂರನೇ ಸರ್ವೀಸು ನಮ್ಮಲ್ಲಿ ಆಗಿಲ್ಲ. ವಾರಂಟಿ ಹೋಗಿದೆ. ಸ್ಟಿಯರಿಂಗಿನ ಜೋಡಣೆ ಬದಲಾಯಿಸಲು 31,000 ರೂಪಾಯಿ ಆಗುತ್ತದೆ" ಎಂದ. ಹುಡುಗ ಮರ್ಯಾದೆಯಿಂದಲೇ ಹೇಳಿದ. ಅವನಿಗೆ ಹಾಗೆ ಹೇಳಲು ಯಾರೋ ಕಲಿಸಿದ್ದರು. ನಾನು ಗಾಡಿಯನ್ನು ಹಿಂದಕ್ಕೆ ತಂದೆ. ದಾರಿಯುದ್ದಕ್ಕೂ ತಿರುವು ಬಂದಾಗಲೆಲ್ಲ ಆ ಕಟಕಟ ಸದ್ದು 31,000, 31,000 ಎನ್ನುವಂತೆ ಕೇಳುತ್ತಿತ್ತು.

ಆ ರಾತ್ರಿ ಖಾನೆಯಿಂದ ಪುಸ್ತಕ ಹೊರಗೆ ಬಂತು.

ಓದುವ ಕ್ರಮವನ್ನು ಸ್ವಲ್ಪ ಹೇಳುತ್ತೇನೆ. ನಮ್ಮ ಬಳ್ಳಿಗಾವಿ, ತಾಳಗುಂದ, ಕುಪ್ಪಟೂರುಗಳ ಶಾಸನಗಳನ್ನು ತಾವು ಕಲ್ಲಿನ ಮೇಲೆ ಕಂಡಿರುತ್ತೀರಿ. ಬಿ. ಎಲ್. ರೈಸ್ ಅವರು ಶಿಕಾರಿಪುರ ತಾಲ್ಲೂಕಿನ ಶಾಸನಗಳನ್ನು 'ಎಪಿಗ್ರಾಫಿಯ ಕರ್ನಾಟಿಕ'ದ ಏಳನೆಯ ಸಂಪುಟದಲ್ಲಿಯೂ ಸೊರಬದವನ್ನು ಎಂಟನೆಯದರಲ್ಲಿಯೂ ಅಚ್ಚು ಮಾಡಿಸಿದರು. ಮೊದಲನೆಯದು 1902ರಲ್ಲಿ, ಎರಡನೆಯದು 1904ರಲ್ಲಿ. ಆ ದಾನಶಾಸನಗಳಲ್ಲಿ ಮುಕ್ಕಾಲು ಪಾಲು ಪ್ರಶಸ್ತಿ: ಅರಸನ ಬಿರುದು, ಅವನ ಖಡ್ಗ, ಅವನ ಕೀರ್ತಿ. ಗದ್ದೆ ಎಷ್ಟು, ಅದರ ಮೂಡಣ ಎಲ್ಲೆ ಯಾವುದು, ಪಡುವಣ ಎಲ್ಲೆ ಯಾವುದು ಎಂಬುದು ಬರುವುದು ಕಡೆಗೆ. ಕಾರಿನ ಪುಸ್ತಕವೂ ಹಾಗೆಯೇ. ಕಂಪೆನಿಯ ಪ್ರಶಸ್ತಿಯನ್ನು ದಾಟಿ ಎಲ್ಲೆಗಳಿಗೆ ಬರಬೇಕು. ಒಂದು ವ್ಯತ್ಯಾಸ ಮಾತ್ರ ಉಂಟು: ಶಾಸನದ ಕೊನೆಯಲ್ಲಿ ದಾನವನ್ನು ಕಸಿಯುವವನಿಗೆ ಶಾಪವಿರುತ್ತದೆ, ವಾರಂಟಿ ಪುಸ್ತಕದ ಕೊನೆಯಲ್ಲಿ ದಾನ ಪಡೆದವನಿಗೇ ಶಾಪವಿರುತ್ತದೆ.

ವಾರಂಟಿಯ ಮುಖ್ಯ ವಾಕ್ಯ ಸರಳ. ಇಂತಿಷ್ಟು ವರ್ಷ ಅಥವಾ ಇಂತಿಷ್ಟು ಕಿಲೋಮೀಟರು, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ, ಸಾಮಗ್ರಿಯಲ್ಲಿಯಾಗಲಿ ತಯಾರಿಕೆಯಲ್ಲಿಯಾಗಲಿ ದೋಷವಿದ್ದು ಭಾಗ ಕೆಟ್ಟರೆ ಕಂಪೆನಿ ತನ್ನ ಖರ್ಚಿನಿಂದ ಸರಿಪಡಿಸಿಕೊಡುತ್ತದೆ. 'ಸಾಮಗ್ರಿ ಮತ್ತು ತಯಾರಿಕೆಯ ದೋಷ' ಎಂಬುದೇ ಇಲ್ಲಿ ಪ್ರಾಣಪದ. ಸವೆಯುವುದಕ್ಕೆಂದೇ ಹುಟ್ಟಿದ ಬ್ರೇಕಿನ ಪಟ್ಟಿ, ಕ್ಲಚ್ಚಿನ ತಟ್ಟೆ, ಮಳೆ ಒರೆಸುವ ರಬ್ಬರು ಇದರೊಳಗೆ ಬರುವುದಿಲ್ಲ. ಟೈರು, ಬ್ಯಾಟರಿಗಳಿಗೆ ಸಾಮಾನ್ಯವಾಗಿ ಅವುಗಳನ್ನು ಮಾಡಿದವರದೇ ಬೇರೆ ವಾರಂಟಿ. ನಮ್ಮ ಮಲೆನಾಡಿನಲ್ಲಿ ಇಲಿ ತಂತಿ ಕಡಿಯುವುದು ನಿತ್ಯದ ಕಥೆ. ಅದು ಇಲಿಯ ದೋಷವೇ ಹೊರತು ತಯಾರಿಕೆಯ ದೋಷವಲ್ಲ. ಅದಕ್ಕೆ ವಿಮೆಯ ಪತ್ರವನ್ನು ನೋಡಿಕೊಳ್ಳಬೇಕು.

ಇದಾದ ಮೇಲೆ ಅಪವಾದಗಳ ಸಾಲು. ಗಾಡಿಯನ್ನು ಪಂದ್ಯಕ್ಕೆ ಬಳಸಿದರೆ ಇಲ್ಲ, ಅಪಘಾತವಾದರೆ ಇಲ್ಲ, ನಿಗದಿಯಾದ ಸರ್ವೀಸು ಮಾಡಿಸದಿದ್ದರೆ ಇಲ್ಲ, ಕಂಪೆನಿ ಒಪ್ಪಿದ ಮಳಿಗೆಯಲ್ಲದೆ ಬೇರೆಡೆ ರಿಪೇರಿ ಮಾಡಿಸಿದರೆ ಇಲ್ಲ. ನನ್ನ ತಲೆಯ ಮೇಲೆ ಬಿದ್ದದ್ದು ಈ ಕಡೆಯದು. ಪ್ರಶ್ನೆ ಇಷ್ಟೇ: ಆ 'ಇಲ್ಲ' ಎಂಬುದು ಎಷ್ಟು ದೂರ ಹೋಗುತ್ತದೆ?

ವ್ಯಾಕರಣದಲ್ಲಿ ಉತ್ಸರ್ಗ ಮತ್ತು ಅಪವಾದ ಎಂದು ಎರಡುಂಟು. ಉತ್ಸರ್ಗವೆಂದರೆ ಸಾಮಾನ್ಯ ವಿಧಿ. ಅಪವಾದವೆಂದರೆ ಅದನ್ನು ಒಂದು ಕಡೆ ತಡೆಯುವ ವಿಶೇಷ ವಿಧಿ. ಸ್ವರದ ಮುಂದೆ ಸ್ವರ ಬಂದರೆ ಸಂಧಿಯಾಗುತ್ತದೆ ಎಂಬುದು ಸಾಮಾನ್ಯ ವಿಧಿ. 'ಅಣ್ಣಾ ಓಡಿ ಬಾ' ಎಂದು ಕೂಗಿ ಕರೆಯುವಾಗ ಸಂಧಿಯಾಗುವುದಿಲ್ಲ. ಅದನ್ನು ಪ್ರಕೃತಿಭಾವವೆಂದು ಒಂಬತ್ತನೆಯ ತರಗತಿಯ ಮಕ್ಕಳೂ ಹೇಳುತ್ತಾರೆ. ಆದರೆ ಅಣ್ಣನನ್ನು ಕೂಗಿದ ಮಾತ್ರಕ್ಕೆ ಕನ್ನಡದಲ್ಲಿ ಸಂಧಿಯೇ ಇಲ್ಲವಾಯಿತೆ? 'ಊರೂರು', 'ಮಳೆಗಾಲ' ಎಂಬುವು ಬಿಚ್ಚಿಹೋದುವೆ? ಇಲ್ಲ. ಅಪವಾದವು ತನ್ನ ಎಲ್ಲೆಯೊಳಗೆ ಮಾತ್ರ ಆಳುತ್ತದೆ. ಎಣ್ಣೆ ಬದಲಾಯಿಸಿದ್ದು ಹೊರಗಿನ ಮೇಸ್ತ್ರಿಯಾದರೆ, ಆ ಎಣ್ಣೆಯಿಂದ ಇಂಜಿನು ಕೆಟ್ಟಾಗ ಕಂಪೆನಿ ಆ ಮಾತು ಎತ್ತಲಿ. ಸ್ಟಿಯರಿಂಗಿಗೂ ಇಂಜಿನಿನ ಎಣ್ಣೆಗೂ ಏನು ಸಂಬಂಧ? ಹೀಗೆ ನಾನು ನನ್ನ ಪಾಂಡಿತ್ಯದ ಬಲದಿಂದ ಯೋಚಿಸಿದೆ. ಪಂಡಿತರ ಮಾತನ್ನು ಮಳಿಗೆಯವರು ಕೇಳುವುದಿಲ್ಲವೆಂಬುದೂ ನನಗೆ ಗೊತ್ತಿತ್ತು. ಆದುದರಿಂದ ಕಾನೂನಿನಲ್ಲಿ ಏನಿದೆಯೆಂದು ವಕೀಲನಾಗಿರುವ ಹಳೆಯ ಶಿಷ್ಯನೊಬ್ಬನನ್ನು ಕೇಳಿದೆ. ಅವನು ತಂದುಕೊಟ್ಟ ಕಾಗದಗಳನ್ನು ಓದಿದಾಗ, ನನ್ನ ಸಂಧಿಪ್ರಕರಣವನ್ನೇ ದೆಹಲಿಯಲ್ಲಿ ಬೇರೆ ಮಾತಿನಲ್ಲಿ ಹೇಳಿರುವುದು ಕಂಡಿತು.

ಸಂಗತಿ ಹೀಗೆ. 2011ರಲ್ಲಿ ಶಂಶೇರ್ ಕಟಾರಿಯಾ ಎಂಬುವರು ಭಾರತೀಯ ಸ್ಪರ್ಧಾ ಆಯೋಗಕ್ಕೆ ಒಂದು ದೂರು ಕೊಟ್ಟರು. ಕಾರು ಕಂಪೆನಿಗಳು ತಮ್ಮ ಬಿಡಿಭಾಗಗಳನ್ನು ಹೊರಗಿನ ಅಂಗಡಿಗೆ ಬಿಡುವುದಿಲ್ಲ, ದೋಷ ಪತ್ತೆ ಮಾಡುವ ಉಪಕರಣಗಳನ್ನು ಹೊರಗಿನ ಮೇಸ್ತ್ರಿಗಳಿಗೆ ಕೊಡುವುದಿಲ್ಲ, ಹೀಗಾಗಿ ಕಾರಿನ ಒಡೆಯ ಅವರ ಮಳಿಗೆಗೇ ಹೋಗಿ ಅವರು ಕೇಳಿದಷ್ಟು ಕೊಡಬೇಕಾಗಿದೆ ಎಂಬುದು ದೂರಿನ ತಿರುಳು. ಮೊದಲು ಮೂರು ಕಂಪೆನಿಗಳ ಮೇಲಿದ್ದ ದೂರು ತನಿಖೆಯಲ್ಲಿ ಹರಡಿಕೊಂಡಿತು. 2014ರ ಆಗಸ್ಟ್ 25ರಂದು ಆಯೋಗವು 14 ಕಾರು ಕಂಪೆನಿಗಳ ಮೇಲೆ, ಅವುಗಳ ಸರಾಸರಿ ವಹಿವಾಟಿನ ಶೇಕಡಾ 2ರಂತೆ, ಒಟ್ಟು 2,544 ಕೋಟಿ ರೂಪಾಯಿಗೂ ಮಿಕ್ಕಿದ ದಂಡವನ್ನು ವಿಧಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ಅಂಬಾಸಡರ್ ಕಾರಿನ ತಯಾರಿಕೆ ನಿಂತದ್ದು ಕಾಕತಾಳೀಯ. ಯಾವ ಊರಿನ ಯಾವ ಮೇಸ್ತ್ರಿಯಾದರೂ ಒಂದು ಪಾನಾ, ಒಂದು ತುಂಡು ತಂತಿಯಿಂದ ಎಬ್ಬಿಸಿ ನಿಲ್ಲಿಸಬಹುದಾಗಿದ್ದ ಗಾಡಿ ಅದು.

ಆಯೋಗದ ತರ್ಕ ನನಗೆ ಹಿಡಿಸಿತು. ಕಾರು ಕೊಳ್ಳುವ ಮೊದಲು ತಾವು ಸ್ವತಂತ್ರರು. ಹತ್ತು ಕಂಪೆನಿಗಳಲ್ಲಿ ಒಂದನ್ನು ಆರಿಸಬಹುದು. ಕೊಂಡ ಮರುದಿನದಿಂದ ಆ ಸ್ವಾತಂತ್ರ್ಯವಿಲ್ಲ. ಒಂದು ಕಂಪೆನಿಯ ಗಾಡಿಗೆ ಇನ್ನೊಂದರ ಬಾಗಿಲು ಕೂಡುವುದಿಲ್ಲ. ಎಂದರೆ ಆ ಗಾಡಿಯ ಬಿಡಿಭಾಗಗಳ ಸಂತೆಯಲ್ಲಿ ಒಬ್ಬನೇ ವ್ಯಾಪಾರಿ. ಹೊರಗೆ ರಿಪೇರಿ ಮಾಡಿಸಿದರೆ ವಾರಂಟಿ ಹೋಯಿತು ಎಂಬ ಬೆದರಿಕೆ ಆ ಸಂತೆಯ ಬೇಲಿ. ಸುರಕ್ಷತೆಗಾಗಿ ಹೀಗೆ ಮಾಡುತ್ತೇವೆ, ಅರೆಬರೆ ಕಲಿತವರ ಕೈಗೆ ಗಾಡಿ ಸಿಕ್ಕರೆ ಪ್ರಾಣಾಪಾಯ ಎಂದು ಕಂಪೆನಿಗಳು ವಾದಿಸಿದುವು. ಆ ವಾದವನ್ನು ಆಯೋಗ ಪೂರ್ತಿ ತಳ್ಳಿಹಾಕಲಿಲ್ಲ. ಸುರಕ್ಷತೆಗೆ ಬೇಕಾದ ಎಚ್ಚರಿಕೆಗಳನ್ನು ಇಟ್ಟುಕೊಳ್ಳಬಹುದೆಂದಿತು. ಆದರೆ ಹೊರಗಿನ ಮೇಸ್ತ್ರಿಯ ಹತ್ತಿರ ಹೋದರೆ ವಾರಂಟಿಯೇ ರದ್ದು ಎಂಬ ಸಾರಾಸಗಟು ನಿಬಂಧನೆಯನ್ನು ಹಾಕಕೂಡದು, ಹೊರಗಿನ ತಪ್ಪು ಕೆಲಸದಿಂದ ಎಷ್ಟು ಹಾನಿಯಾಗಿದೆಯೋ ಅಷ್ಟರ ಮಟ್ಟಿಗೆ ಮಾತ್ರ, ಅದೂ ಸಂದರ್ಭವು ಸ್ಪಷ್ಟವಾಗಿ ಸಮರ್ಥಿಸಿದಾಗ ಮಾತ್ರ, ವಾರಂಟಿಯನ್ನು ನಿರಾಕರಿಸಬಹುದು ಎಂದು ನಿರ್ದೇಶಿಸಿತು. ಬಿಡಿಭಾಗಗಳ ಬೆಲೆ, ನಿರ್ವಹಣೆಯ ಖರ್ಚು, ವಾರಂಟಿಯ ನಿಯಮ, ಇವುಗಳನ್ನು ಸಾರ್ವಜನಿಕರಿಗೆ ಕಾಣುವಂತೆ ಪ್ರಕಟಿಸಬೇಕೆಂದೂ ಹೇಳಿತು.

ಇಲ್ಲಿಗೆ ಎಲ್ಲ ಮುಗಿಯಿತೆಂದು ಯಾರೂ ಹಿಗ್ಗಬಾರದು. ಕಂಪೆನಿಗಳು ಮೇಲ್ಮನವಿ ಹೋದುವು. ಮೂರು ಕಂಪೆನಿಗಳ ಮೇಲ್ಮನವಿಯಲ್ಲಿ 2016ರ ಡಿಸೆಂಬರ್ 9ರಂದು ಸ್ಪರ್ಧಾ ಮೇಲ್ಮನವಿ ನ್ಯಾಯಾಧಿಕರಣವು ತಪ್ಪು ನಡೆದಿದೆಯೆಂಬುದನ್ನು ಎತ್ತಿಹಿಡಿದು, ದಂಡವನ್ನು ಮಾತ್ರ ಬಿಡಿಭಾಗ ಮತ್ತು ದುರಸ್ತಿಯ ವಹಿವಾಟಿಗೆ ಸೀಮಿತಗೊಳಿಸಿ ಇಳಿಸಿತು. ವಿಷಯ ಅಲ್ಲಿಂದ ಸುಪ್ರೀಂ ಕೋರ್ಟಿನ ಬಾಗಿಲಿಗೂ ಹೋಯಿತು. ಸ್ಪರ್ಧಾ ಆಯೋಗದ ಆದೇಶ ಆ ಕಂಪೆನಿಗಳಿಗೆ ಕೊಟ್ಟ ನಿರ್ದೇಶನವೇ ಹೊರತು, ಶಾಸನಸಭೆ ಮಾಡಿದ ಕಾಯಿದೆಯಂತೆ ಪ್ರತಿಯೊಬ್ಬನ ಜೇಬಿನಲ್ಲಿ ಇಟ್ಟ ಹಕ್ಕುಪತ್ರವಲ್ಲ. ವಾದದಲ್ಲಿ ಅದನ್ನು ಮುಂದಿಡಬಹುದು. ಗೆಲುವು ಆಯಾ ಮೊಕದ್ದಮೆಯ ಸಾಕ್ಷ್ಯದ ಮೇಲೆ ನಿಂತಿದೆ.

ಅಮೆರಿಕೆಯಲ್ಲಿರುವ ನಮ್ಮ ಕಡೆಯ ಮಕ್ಕಳು ಇನ್ನೊಂದು ಕಥೆ ಹೇಳುತ್ತಾರೆ. ಅಲ್ಲಿ 1975ರಲ್ಲೇ ಮ್ಯಾಗ್ನುಸನ್-ಮಾಸ್ ಎಂಬ ಕಾಯಿದೆ ಬಂದಿದೆ. ನಮ್ಮ ಮಳಿಗೆಯಲ್ಲೇ ಸರ್ವೀಸು ಮಾಡಿಸಿದರೆ ಮಾತ್ರ ವಾರಂಟಿ ಎಂದು ಕಟ್ಟುಹಾಕಬೇಕಾದರೆ ಆ ಸೇವೆಯನ್ನೂ ಆ ಭಾಗವನ್ನೂ ಪುಕ್ಕಟೆಯಾಗಿ ಕೊಡಬೇಕು, ಇಲ್ಲವೆ ಸರ್ಕಾರದ ವಾಣಿಜ್ಯ ಆಯೋಗದಿಂದ ವಿಶೇಷ ಅಪ್ಪಣೆ ತರಬೇಕು. ದುಡ್ಡು ತೆಗೆದುಕೊಂಡು ಕಟ್ಟುಹಾಕಲು ಬಾರದು. ನಮ್ಮಲ್ಲಿ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರ್ 24ರಂದು 'ದುರಸ್ತಿಯ ಹಕ್ಕು' ಎಂಬ ಜಾಲತಾಣವನ್ನು ತೆರೆದು, ಕೃಷಿ ಯಂತ್ರ, ಮೊಬೈಲು, ಗೃಹೋಪಕರಣಗಳೊಂದಿಗೆ ಮೋಟಾರು ಗಾಡಿಗಳನ್ನೂ ಅದರಲ್ಲಿ ಸೇರಿಸಿದೆ. ಅದು ಮಾಹಿತಿ ಕೊಡುವ ವ್ಯವಸ್ಥೆ. ಅಮೆರಿಕೆಯ ಕಾಯಿದೆಯ ಬಲ ಅದಕ್ಕಿಲ್ಲ.

ಸರಿ, ನನ್ನ ಸ್ಟಿಯರಿಂಗಿಗೆ ಬರೋಣ. ಜಗಳವಾಡುವುದು ನನ್ನ ಕಸುಬಲ್ಲ. ಪತ್ರ ಬರೆಯುವುದು ಕಸುಬು. ಕಂಪೆನಿಯ ಗ್ರಾಹಕ ವಿಭಾಗಕ್ಕೆ ಒಂದು ಪುಟದ ಪತ್ರ ಬರೆದೆ. ಮೂರನೆಯ ಸರ್ವೀಸನ್ನು ತಮ್ಮ ಮಳಿಗೆಯಲ್ಲಿ ಮಾಡಿಸಿಲ್ಲವೆಂಬುದನ್ನು ಒಪ್ಪಿಕೊಂಡೆ, ಮುಚ್ಚಿಡಲಿಲ್ಲ. ಮೇಸ್ತ್ರಿಯ ರಸೀತಿಯ ನಕಲನ್ನು ಲಗತ್ತಿಸಿದೆ. ಆ ಸರ್ವೀಸಿನಲ್ಲಿ ಸ್ಟಿಯರಿಂಗನ್ನು ಯಾರೂ ಮುಟ್ಟಿಲ್ಲವೆಂದು ಬರೆದೆ. ಕೊನೆಗೆ ಎರಡೇ ಬೇಡಿಕೆ: ಇಂಜಿನಿನ ಎಣ್ಣೆ ಬದಲಾಯಿಸಿದ್ದರಿಂದ ಸ್ಟಿಯರಿಂಗು ಹೇಗೆ ಕೆಟ್ಟಿತೆಂಬುದನ್ನು ತಿಳಿಸಬೇಕು; ವಾರಂಟಿಯನ್ನು ನಿರಾಕರಿಸುವುದಾದರೆ ಯಾವ ನಿಯಮದ ಮೇಲೆ ಎಂಬುದನ್ನು ಲಿಖಿತವಾಗಿ ಕೊಡಬೇಕು.

ಈ ಎರಡನೆಯ ಬೇಡಿಕೆಯನ್ನು ತಾವು ನೆನಪಿಡಬೇಕು. ಬಾಯಲ್ಲಿ 'ವಾರಂಟಿ ಹೋಯಿತು' ಎನ್ನುವುದು ಸುಲಭ. ಅದನ್ನೇ ಕಾಗದದ ಮೇಲೆ ಬರೆದು ಸಹಿ ಮಾಡಿ ಎಂದರೆ ಮೇಜಿನ ಹಿಂದಿನವರು ಒಳಗೆ ಹೋಗಿ ದೊಡ್ಡವರನ್ನು ಕೇಳಿ ಬರುತ್ತಾರೆ.

ಹನ್ನೊಂದು ದಿನದ ಮೇಲೆ ಫೋನು ಬಂತು. ಗಾಡಿ ತನ್ನಿ, ಸರಿಮಾಡಿಕೊಡುತ್ತೇವೆ, ಇದನ್ನು 'ಸೌಜನ್ಯಕ್ಕಾಗಿ' ಮಾಡುತ್ತಿದ್ದೇವೆ ಎಂದರು. ಸೌಜನ್ಯವೆಂಬುದು ಸುಜನರ ಗುಣ. ಕೊಡಲೇಬೇಕಾದ್ದನ್ನು ಕೊಟ್ಟರೆ ಅದು ಋಣವಿಮೋಚನೆ, ಸೌಜನ್ಯವಲ್ಲ. ಆದರೂ ನಾನು ಪದದ ಮೇಲೆ ಜಗಳ ತೆಗೆಯಲಿಲ್ಲ. ಮನೆಯವರು ಮೊದಲೇ ಎಚ್ಚರಿಕೆ ಕೊಟ್ಟಿದ್ದರು. ಸ್ಟಿಯರಿಂಗು ಹೊಸದಾಯಿತು. ಒಂದು ಕಾಸೂ ಕೊಡಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ನಾನು ತಮಗೆ ಅರ್ಧಸತ್ಯ ಹೇಳಿದಂತಾಗುತ್ತದೆ. ನಮ್ಮ ಶಾಲೆಯ ಇನ್ನೊಬ್ಬ ಮೇಷ್ಟರ ಸಂಗತಿಯನ್ನೂ ಹೇಳಬೇಕು. ಅವರದು ಡೀಸೆಲ್ ಗಾಡಿ. ನನ್ನ ಗೆಲುವನ್ನು ಕೇಳಿ ಅವರೂ ಒಂದು ದಿನ ಬಂದರು. ಟರ್ಬೊ ಎಂಬ ಭಾಗ ಸುಟ್ಟುಹೋಗಿದೆ, ಲಕ್ಷಕ್ಕೂ ಮಿಕ್ಕಿ ಖರ್ಚು, ವಾರಂಟಿ ಇಲ್ಲವೆನ್ನುತ್ತಾರೆ, ನಿಮ್ಮ ಹಾಗೆ ನನಗೂ ಒಂದು ಪತ್ರ ಬರೆದುಕೊಡಿ ಎಂದರು. ಸರ್ವೀಸಿನ ರಸೀತಿ ತೋರಿಸಿ ಎಂದೆ. ಇರಲಿಲ್ಲ. ಎಣ್ಣೆ ಬದಲಾಯಿಸಿ ಎಷ್ಟು ಕಿಲೋಮೀಟರಾಯಿತು ಎಂದೆ. ತಲೆ ಕೆರೆದುಕೊಂಡು, "ಇಪ್ಪತ್ತೆರಡು ಸಾವಿರವಾಗಿರಬಹುದು" ಎಂದರು.

ನಾನು ಪತ್ರ ಬರೆಯಲಿಲ್ಲ. ನನ್ನ ಮೇಸ್ತ್ರಿ ಇದನ್ನು ನನಗೆ ಒಂದು ಹಳೆಯ ಇಂಜಿನಿನ ಮುಚ್ಚಳ ತೆರೆದು ತೋರಿಸಿದ್ದಾನೆ. ಎಣ್ಣೆ ಬಿಸಿಗೆ ಕಾಯುತ್ತ ಕಾಯುತ್ತ ತೆಳ್ಳಗೆ ನುಣುಪಾಗಿ ಹರಿಯುವ ಗುಣವನ್ನು ಕಳೆದುಕೊಳ್ಳುತ್ತದೆ. ಉರಿದ ಇಂಧನದ ಮಸಿ ಅದರಲ್ಲಿ ಕೂಡಿ ಕಪ್ಪು ರಾಡಿಯಾಗುತ್ತದೆ. ಟರ್ಬೊದ ಒಳಗೆ ಒಂದು ಸಣ್ಣ ಕಡ್ಡಿ ನಿಮಿಷಕ್ಕೆ ಲಕ್ಷ ಸುತ್ತಿನ ಲೆಕ್ಕದಲ್ಲಿ ತಿರುಗುತ್ತದೆ. ಅದನ್ನು ಹಿಡಿದು ನಿಲ್ಲಿಸಿರುವುದು ಎಣ್ಣೆಯ ಒಂದು ತೆಳು ಪೊರೆ. ಆ ಎಣ್ಣೆಯ ದಾರಿಗೆ ರಾಡಿ ಅಡ್ಡ ಬಂದರೆ ಅದು ಸುಡುವುದರಲ್ಲಿ ಆಶ್ಚರ್ಯವಿಲ್ಲ. ಇಲ್ಲಿ ಮಾಡಿಸದ ಸರ್ವೀಸಿಗೂ ಕೆಟ್ಟ ಭಾಗಕ್ಕೂ ನೇರ ಸಂಬಂಧವಿದೆ. ಅಪವಾದ ತನ್ನ ಎಲ್ಲೆಯೊಳಗೇ ಆಳುತ್ತಿದೆ. ಕಂಪೆನಿಯ ಮಾತು ನ್ಯಾಯವೇ ಎಂದು ಹೇಳಿದೆ. ಅವರಿಗೆ ಕೋಪ ಬಂತು. ಈಗಲೂ ಸ್ಟಾಫ್ ರೂಮಿನಲ್ಲಿ ಅವರು ನನ್ನ ಜೊತೆ ಮಾತು ಕಡಿಮೆ.

ಆದುದರಿಂದ 'ಸರ್ವೀಸು ಬಿಟ್ಟರೆ ವಾರಂಟಿ ಹೋಗುತ್ತದೆಯೆ?' ಎಂಬ ಒಂದು ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. ಮಳಿಗೆಯನ್ನು ಬಿಡುವುದು ಒಂದು. ಸರ್ವೀಸನ್ನೇ ಬಿಡುವುದು ಇನ್ನೊಂದು. ಮಳಿಗೆಯನ್ನು ಬಿಟ್ಟವನಿಗೆ ವಾದಿಸಲು ನೆಲವಿದೆ. ಸರ್ವೀಸನ್ನೇ ಬಿಟ್ಟು, ಅದಕ್ಕೆ ಸಂಬಂಧಪಟ್ಟ ಭಾಗವೇ ಕೆಟ್ಟವನಿಗೆ ನೆಲ ಬಹಳ ಕಡಿಮೆ. ಮಾಡಿಸಿಯೂ ರಸೀತಿ ಇಲ್ಲದವನು, ನೋಡುವವರ ಕಣ್ಣಿಗೆ, ಮಾಡಿಸದವನೇ.

ನಮ್ಮ ಹುಡುಗರಲ್ಲಿ ಇನ್ನೊಂದು ಹುಚ್ಚಿದೆ. ಹೊಸ ಗಾಡಿ ಬಂದ ವಾರದಲ್ಲೇ ಮಂಜಿಗೆಂದು ಎರಡು ದೀಪ, ಎಮ್ಮೆ ಬೆದರುವಂಥ ಒಂದು ಹಾರನ್ನು, ಹಾಡಿನ ಪೆಟ್ಟಿಗೆ, ಇವನ್ನೆಲ್ಲ ಹೊರಗಿನ ಅಂಗಡಿಯಲ್ಲಿ ಹಾಕಿಸುತ್ತಾರೆ. ಅಂಗಡಿಯವನು ಮೂಲ ತಂತಿಯನ್ನು ಕತ್ತರಿಸಿ ಟೇಪು ಸುತ್ತಿರುತ್ತಾನೆ. ಆಮೇಲೆ ವಿದ್ಯುತ್ತಿನ ಸಂಬಂಧದ ಯಾವ ದೋಷ ಬಂದರೂ ಕಂಪೆನಿ ಆ ಟೇಪಿನ ಕಡೆ ಬೆರಳು ತೋರಿಸುತ್ತದೆ. ತೋರಿಸಲು ಅದಕ್ಕೆ ಕಾರಣವೂ ಇರುತ್ತದೆ. ಸರ್ವೀಸನ್ನು ಹೊರಗೆ ಮಾಡಿಸುವುದಕ್ಕಿಂತ ಇದು ವಾರಂಟಿಗೆ ಹೆಚ್ಚು ಅಪಾಯ ಎಂದು ನನ್ನ ಮೇಸ್ತ್ರಿಯ ಅಭಿಪ್ರಾಯ. ಅವನು ಪ್ರಾಮಾಣಿಕ. ಒಮ್ಮೆ ಅವನೇ ನನಗೆ, "ಮೇಷ್ಟ್ರೇ, ಎಣ್ಣೆ, ಫಿಲ್ಟರು, ಬ್ರೇಕು ನಾನು ನೋಡ್ಕೋತೀನಿ. ವಾರಂಟಿ ಇರೋ ತನಕ ಇಂಜಿನು ಬಿಚ್ಚೋ ಕೆಲಸ ಮಾತ್ರ ನನಗೆ ತರಬೇಡಿ. ನಾನು ಸರಿ ಮಾಡಿದ್ರೂ ಅವರು ನನ್ನ ಮೇಲೆ ಹಾಕ್ತಾರೆ" ಎಂದ. ಈಗಿನ ಗಾಡಿಗಳಲ್ಲಿ ಒಂದು ಗಣಕಯಂತ್ರವೇ ಕೂತಿದೆ. ದೋಷವನ್ನು ಓದಲು ಅದಕ್ಕೆ ತಕ್ಕ ಉಪಕರಣ ಬೇಕು. ಅದು ಅವನ ಹತ್ತಿರ ಅರ್ಧ ಇದೆ, ಅರ್ಧ ಇಲ್ಲ.

ಪತ್ರಕ್ಕೂ ಬಗ್ಗದಿದ್ದರೆ ಏನು ಮಾಡಬೇಕು? ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರು 1915. ಅಲ್ಲಿ ದೂರು ಬರೆಸಿದರೆ ಕಂಪೆನಿಗೆ ಕಳುಹಿಸುತ್ತಾರೆ. ಎಷ್ಟೋ ಸಂಗತಿಗಳು ಅಲ್ಲಿಯೇ ತೀರುತ್ತವೆ. ತೀರದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗವಿದೆ. 1986ರ ಹಳೆಯ ಕಾಯಿದೆಗೆ ಬದಲಾಗಿ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈನಿಂದ ಜಾರಿಯಲ್ಲಿದೆ. ಅದರ ಒಂದು ಒಳ್ಳೆಯ ಗುಣವೆಂದರೆ, ಕಂಪೆನಿಯ ಕಚೇರಿ ಎಲ್ಲೇ ಇರಲಿ, ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 50 ಲಕ್ಷದವರೆಗಿನದಾದರೆ ಜಿಲ್ಲಾ ಆಯೋಗಕ್ಕೇ ಅಧಿಕಾರ. ಐದು ಲಕ್ಷದವರೆಗಿನ ಬೆಲೆಗೆ ಶುಲ್ಕವೇ ಇಲ್ಲ. ಐದರಿಂದ ಹತ್ತು ಲಕ್ಷದ ನಡುವೆ 200 ರೂಪಾಯಿ. ವಕೀಲರಿಲ್ಲದೆ ತಾವೇ ನಿಂತು ಮಾತಾಡಬಹುದು. ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ತಯಾರಿಕೆಯ ದೋಷ ಹೌದೋ ಅಲ್ಲವೋ ಎಂಬುದು ನೋಡಿದಕೂಡಲೇ ತಿಳಿಯದಿದ್ದರೆ ಆಯೋಗವು ಪರೀಕ್ಷೆಗೆ ಕಳುಹಿಸಬಹುದು. ಅದುವರೆಗೆ ಕೆಟ್ಟ ಭಾಗವನ್ನು ಎಸೆಯಬಾರದು. ನನ್ನ ಸಹೋದ್ಯೋಗಿಗಳಾದವರು ಕೋಪದಲ್ಲಿ ಆ ಟರ್ಬೊವನ್ನು ಗುಜರಿಗೆ ಹಾಕಿದರು.

ಇನ್ನು 'ವಿಸ್ತರಿಸಿದ ವಾರಂಟಿ' ಎಂದು ದುಡ್ಡು ತೆಗೆದುಕೊಂಡು ಕೊಡುವ ಕಾಗದವೊಂದುಂಟು. ಮೊದಲ ವಾರಂಟಿ ಮುಗಿದ ಮೇಲೆ ಇನ್ನೂ ಒಂದೋ ಎರಡೋ ವರ್ಷಕ್ಕೆ ಅದು. ಇದು ಬೇರೆಯೇ ಒಪ್ಪಂದ. ಇದರ ನಿಯಮಗಳೂ ಬೇರೆ, ಸಾಮಾನ್ಯವಾಗಿ ಇನ್ನಷ್ಟು ಬಿಗಿ. ಪ್ರತಿ ಸರ್ವೀಸನ್ನೂ ಒಪ್ಪಿದ ಮಳಿಗೆಯಲ್ಲೇ, ಹೇಳಿದ ಕಾಲಕ್ಕೆ ಮಾಡಿಸಿರಬೇಕೆಂದು ಬರೆದಿರುತ್ತಾರೆ. ಅದನ್ನು ಕೊಂಡವರು ಶಿವಮೊಗ್ಗದ ದಾರಿಯನ್ನು ತಪ್ಪಿಸಿಕೊಳ್ಳುವ ಯೋಚನೆಯನ್ನು ಬಿಡುವುದು ಒಳ್ಳೆಯದು. ನನಗೂ ಕೊಳ್ಳಿರೆಂದು ಮೂರು ಬಾರಿ ಫೋನು ಮಾಡಿದರು. ಪುಸ್ತಕ ಕಳುಹಿಸಿ, ಓದಿ ಹೇಳುತ್ತೇನೆ ಎಂದೆ. ಕಳುಹಿಸಿದರು. ಎಂಟು ಪುಟ, ಅದರಲ್ಲಿ ಆರು ಪುಟ ಅಪವಾದ. ನಾನು ಕೊಳ್ಳಲಿಲ್ಲ. ವಾರಂಟಿ ಮುಗಿದ ಮೇಲೆ ಗಾಡಿ ಈಗ ಬೀದಿಯ ಕೊನೆಯ ಮೇಸ್ತ್ರಿಯ ಕೈಯಲ್ಲಿದೆ. ಅವನು ಈಚೆಗೆ ಒಂದು ರಸೀತಿ ಪುಸ್ತಕವನ್ನು ಅಚ್ಚು ಹಾಕಿಸಿದ್ದಾನೆ. ಅದರ ಕರಡನ್ನು ನನ್ನಿಂದಲೇ ತಿದ್ದಿಸಿಕೊಂಡ. 'ಸರ್ವೀಸು' ಎಂಬಲ್ಲಿ ಸಕಾರಕ್ಕೆ ಶಕಾರ ಬಿದ್ದಿತ್ತು.